ಬದು ಹಾಕುವವನಿಗೆ ಹಣ ಯಾರು ಕೊಡುತ್ತಾರೆ?

(ಯಡಿಯೂರಿನ ಸಭೆಯಲ್ಲಿ ಮಾಡಿದ ಭಾಷಣ)



ಯಡಿಯೂರಿನಲ್ಲಿ ನಿಂತು ಹೊಲದ ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಇಲ್ಲಿ ಹೊಲವೆಲ್ಲಿದೆ? ಹಳ್ಳಿಯಾಗಿದ್ದ ಈ ಊರನ್ನು ಜಯನಗರ, ಬನಶಂಕರಿ ಬಡಾವಣೆಗಳು ಎರಡು ಕಡೆಯಿಂದಲೂ ಸುತ್ತಿಕೊಂಡವು. ಕೆರೆಯೊಂದು ಉಳಿದಿದೆ. ಗಣಪತಿ ಬಿಡಲು ಅದರ ಕಲ್ಯಾಣಿಗೆ ಜನ ಬರುತ್ತಾರೆ. ಗದ್ದೆಗೆ ನೀರು ಕಟ್ಟಲು ಯಾರೂ ಬರುವುದಿಲ್ಲ.

ಆದರೆ ಇಲ್ಲಿ ಕುಳಿತಿರುವವರಲ್ಲಿ ಎಷ್ಟೋ ಮಂದಿಗೆ ಕನಕಪುರ, ಮಾಗಡಿ, ಕುಣಿಗಲ್ ಕಡೆ ಎಕರೆಯೋ ಎರಡೆಕರೆಯೋ ಉಳಿದಿದೆ. ಅಣ್ಣನೋ, ವಯಸ್ಸಾದ ತಾಯಿಯೋ ಅದನ್ನು ನೋಡಿಕೊಳ್ಳುತ್ತಿದ್ದಾರೆ. ಗಿರಣಿಯ ಸಂಬಳದಿಂದ, ಅಂಗಡಿಯ ಗಲ್ಲಾದಿಂದ ಬೀಜಕ್ಕೂ ಗೊಬ್ಬರಕ್ಕೂ ಹಣ ಹೋಗುತ್ತಿದೆ. ಆ ಹಣ ಮಣ್ಣಿನ ಜೊತೆಯಲ್ಲೇ ಹಳ್ಳಕ್ಕೆ ಹರಿದುಹೋಗುತ್ತಿದೆ ಎಂದು ಹೇಳಲು ನಾವು ಬಂದಿದ್ದೇವೆ.

ಶಾಲೆಯಲ್ಲಿ ಕರಿಹಲಗೆಯ ಮೇಲೆ ನಾವು ಮಾಡಿಸುತ್ತಿದ್ದಂಥ ಒಂದು ಲೆಕ್ಕ ನೋಡಿ. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಆ ನೀರು ಒಂದು ಲಕ್ಷ ಲೀಟರಿಗೂ ಮಿಕ್ಕು. ಇಳಿಜಾರಿನ ಕೆಮ್ಮಣ್ಣಿನಲ್ಲಿ ತಡೆಯಿಲ್ಲದಿದ್ದರೆ ಅದು ಇಂಗುವ ಮೊದಲೇ ಓಡುತ್ತದೆ. ಓಡುವಾಗ ಮೇಲ್ಮಣ್ಣನ್ನೂ ಹಾಕಿದ ಗೊಬ್ಬರವನ್ನೂ ಹೊತ್ತುಕೊಂಡು ಹೋಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ಬದು, ಬದುವಿನ ಮೇಲೆ ಹುಲ್ಲು ಮತ್ತು ಹೊಂಗೆ, ಹೆಚ್ಚಾದ ನೀರು ಇಳಿಯಲು ಕಲ್ಲಿನ ಕೋಡಿ, ತಗ್ಗಿನಲ್ಲಿ ಕೃಷಿ ಹೊಂಡ. ಯಾವುದು ಎಲ್ಲಿ ಬರಬೇಕೆಂದು ಹೊಲ ನಡೆದು ನೋಡಿ ಬರೆದಿಡುವುದೇ ಯೋಜನೆ.

ಒಂದೇ ಹೊಲಕ್ಕೆ ಯೋಜನೆ ಮಾಡಿದರೆ ಸಾಲದು. ಮೇಲಿನ ಹೊಲದವನು ಬದು ಹಾಕದಿದ್ದರೆ ಕೆಳಗಿನವನ ಬದು ದೊಡ್ಡ ಮಳೆಗೆ ಒಡೆಯುತ್ತದೆ. ನೀರಿಗೆ ಸರ್ವೆ ನಂಬರು ತಿಳಿಯದು. ಈ ಮಾತನ್ನು ಸರ್ಕಾರವೂ ಒಪ್ಪಿದೆ. 1980ರ ದಶಕದಲ್ಲಿ ಕನಕಪುರದ ಕಡೆಯ ಕಬ್ಬಾಳನಾಲಾದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಇಡೀ ಜಲಾನಯನಕ್ಕೇ ಕೆಲಸ ನಡೆಯಿತು. ಆಮೇಲೆ 2001ರಲ್ಲಿ ಮಂಜೂರಾದ ಸುಜಲ ಯೋಜನೆ ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ, ಹಾವೇರಿ ಜಿಲ್ಲೆಗಳಲ್ಲಿ ಅಕ್ಕಪಕ್ಕದ ಹೊಲದವರನ್ನು ಗುಂಪು ಕೂಡಿಸಿ, ಅವರ ಕೈಯಿಂದಲೇ ಯೋಜನೆ ಮಾಡಿಸಿತು. 2005ರ ಉದ್ಯೋಗ ಖಾತ್ರಿ ಕಾಯ್ದೆ ಬಂದ ಮೇಲೆ ಪರಿಶಿಷ್ಟರ, ಸಣ್ಣ ರೈತರ ಸ್ವಂತ ಜಮೀನಿನಲ್ಲೂ ಬದು, ಹೊಂಡಗಳ ಕೆಲಸಕ್ಕೆ ಕೂಲಿ ಕೊಡಲು ದಾರಿಯಾಯಿತು. 2014ರಲ್ಲಿ ಆರಂಭವಾದ ಕೃಷಿ ಭಾಗ್ಯದಲ್ಲಿ ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇಕಡಾ 80, ಪರಿಶಿಷ್ಟರಿಗೆ ಶೇಕಡಾ 90 ಸಹಾಯಧನವೆಂದು ಗೊತ್ತುಮಾಡಿದರು.

ಹಾಗಾದರೆ ಬಡವನ ಹೊಲ ಏಕೆ ಹಾಗೆಯೇ ಉಳಿದಿದೆ? ಮೊದಲನೆಯದು, ಪಹಣಿ ಇನ್ನೂ ಸತ್ತುಹೋದ ತಾತನ ಹೆಸರಿನಲ್ಲಿದೆ. ಸತ್ತವರು ಅರ್ಜಿಗೆ ಸಹಿ ಹಾಕಲಾರರು. ಎರಡನೆಯದು, ಸಹಾಯಧನ ಸಾಮಾನ್ಯವಾಗಿ ಕೆಲಸ ಮುಗಿದು ಅಳತೆಯಾದ ಮೇಲೆ ಬರುತ್ತದೆ. ಕೈಯಲ್ಲಿ ಹಣವಿದ್ದವನು ಮೊದಲು ತೋಡಿಸಿ ಆಮೇಲೆ ಪಡೆಯುತ್ತಾನೆ. ಇಲ್ಲದವನು ಬಡ್ಡಿಗೆ ತರಬೇಕು, ಇಲ್ಲವೇ ಸುಮ್ಮನಿರಬೇಕು. ಮೂರನೆಯದು, ಒಬ್ಬನೇ ಕಛೇರಿಗೆ ಹೋದವನಿಗೆ ‘ನಾಳೆ ಬಾ’ ಎನ್ನುವುದು ಸುಲಭ.

ಆದ್ದರಿಂದ ಹಬ್ಬಕ್ಕೆ ಊರಿಗೆ ಹೋದಾಗ ಹೀಗೆ ಮಾಡಿ. ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂತು ಮಾತನಾಡಿ ಪೌತಿ ಖಾತೆಗೆ ಅರ್ಜಿ ಕೊಡಿ. ಪಹಣಿ, ಆಧಾರ್, ಬ್ಯಾಂಕಿನ ಪುಸ್ತಕ ತೆಗೆದುಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ನೋಂದಣಿ ಮಾಡಿಸಿ. ಎರಡೂವರೆ ಎಕರೆಯೊಳಗಿದ್ದರೆ ಅತಿ ಸಣ್ಣ ರೈತ, ಐದು ಎಕರೆಯೊಳಗಿದ್ದರೆ ಸಣ್ಣ ರೈತ. ಆ ದೃಢೀಕರಣ ಪತ್ರ ಪಡೆಯಿರಿ. ಯೋಜನೆಗಳ ಹೆಸರು ಬದಲಾಗುತ್ತಿರುತ್ತದೆ; ಈ ವರ್ಷ ಯಾವ ಬಾಬ್ತಿನಲ್ಲಿ ಹಣವಿದೆಯೆಂದು ಕೇಂದ್ರದಲ್ಲೂ ಪಂಚಾಯಿತಿಯಲ್ಲೂ ಕೇಳಿ. ಇಳಿಜಾರಿನ ಹೊಲದವರೆಲ್ಲ ಸೇರಿ ಒಂದೇ ಅರ್ಜಿ ಬರೆದು ಗ್ರಾಮಸಭೆಯಲ್ಲಿ ಓದಿ, ನಡವಳಿ ಪುಸ್ತಕಕ್ಕೆ ಹತ್ತಿಸಿ. ಅಧಿಕಾರಿ ಕಛೇರಿಯಲ್ಲಿ ಕೂತು ನಕ್ಷೆ ಬರೆಯದೆ ಹೊಲಕ್ಕೆ ಬರಲೆಂದು ಕೇಳಿ; ಮಳೆಯಲ್ಲಿ ನೀರು ಎಲ್ಲಿ ಓಡುತ್ತದೆಂಬುದು ನಿಮ್ಮ ತಾಯಿಗೆ ಗೊತ್ತು, ಅವರೇ ತೋರಿಸಲಿ. ಮಂಜೂರಾತಿ ಕೈಗೆ ಬರುವ ಮೊದಲು ಗುದ್ದಲಿ ಹಾಕಬೇಡಿ. ‘ನಾನು ಮಾಡಿಸಿಕೊಡುತ್ತೇನೆ’ ಎಂದು ಬರುವ ದಲ್ಲಾಳಿಗೆ ಒಂದು ಕಾಸೂ ಕೊಡಬೇಡಿ.

ಸರ್ಕಾರವನ್ನು ನಾವು ಕೇಳುವುದು ಇಷ್ಟೇ: ಅತಿ ಸಣ್ಣ ರೈತನಿಗೆ ಹಣದ ಒಂದು ಪಾಲು ಮುಂಗಡವಾಗಿ ಸಿಗಬೇಕು. ಇದು ಭಿಕ್ಷೆಯ ಮಾತಲ್ಲ. ಅವನ ಹೊಲದಲ್ಲಿ ನಿಂತ ಮಣ್ಣು ಕೆಳಗಿನ ಊರಿನ ಕೆರೆಯಲ್ಲಿ ಹೂಳಾಗುವುದಿಲ್ಲ. ಅಲ್ಲಿ ಇಂಗಿದ ನೀರು ಪಕ್ಕದವನ ಬಾವಿಗೂ ಬರುತ್ತದೆ. ಊರಿಗೆಲ್ಲ ಆಗುವ ಉಪಕಾರದ ಖರ್ಚನ್ನು ಬಡವನೊಬ್ಬನೇ ಸಾಲ ಮಾಡಿ ಹೊರಬೇಕೆಂಬುದು ಯಾವ ನ್ಯಾಯ?

ಮುಂಗಾರಿಗೆ ಮುಂಚೆ ಅರ್ಜಿಗಳು ಸಿದ್ಧವಾಗಬೇಕು. ಕಾಗದ ಓದಲು, ಬರೆಯಲು ತೊಡಕಿದ್ದವರು ಪಹಣಿ ಹಿಡಿದುಕೊಂಡು ಬನ್ನಿ. ನಾವು ಕೂತು ಬರೆದುಕೊಡುತ್ತೇವೆ. ಬರುವಾಗ ಪಕ್ಕದ ಹೊಲದವರನ್ನೂ ಕರೆತನ್ನಿ.