ಓದು ಬೇಡ ಅನ್ನುವವರಿಗೆ ಯಾವ ಪುಸ್ತಕ?

ಓಖ್ಲಾ ಸುತ್ತಮುತ್ತಲಿನ ನಮ್ಮವರ ಮನೆಗಳಲ್ಲಿ ಮಕ್ಕಳು ಕನ್ನಡ ಮಾತಾಡುತ್ತಾರೆ. ಊರಿಗೆ ಹೋದರೆ ಬಸ್ಸಿನ ಬೋರ್ಡು ಓದಲು ತಡವರಿಸುತ್ತಾರೆ. ಪುಸ್ತಕ ಅಂದರಂತೂ ಮಾರು ದೂರ. ಅಂಥವರ ಕೈಗೆ ನಾವು ಕೊಡುವುದೇನು? ‘ಮಲೆಗಳಲ್ಲಿ ಮದುಮಗಳು’! ಮಹಾಕೃತಿ, ನಿಜ. ಆದರೆ ಅಕ್ಷರ ಕೂಡಿಸಿಕೊಂಡು ಓದುವವರಿಗೆ ಅದು ಮೊದಲ ಪುಸ್ತಕವಲ್ಲ.

ಅವರಿಗೆ ಈಗಾಗಲೇ ಏನು ಇಷ್ಟ ಅಂತ ನೋಡಿ. ಚಳಿಗಾಲದಲ್ಲಿ ಇಲ್ಲಿನ ಯಮುನೆ ದಂಡೆಯ ಪಕ್ಷಿಧಾಮಕ್ಕೆ ಬಾತುಗಳು ವಲಸೆ ಬರುತ್ತವಲ್ಲ, ಅವನ್ನು ಕಂಡು ಕುಣಿದ ಹುಡುಗನಿಗೆ ತೇಜಸ್ವಿಯವರ ‘ಹಕ್ಕಿಪುಕ್ಕ’ ಕೊಡಿ. ಆಮೇಲೆ 1980ರ ‘ಕರ್ವಾಲೊ’. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಕತೆ. ಜೊತೆಗೆ ಕಿವಿ ಎಂಬ ನಾಯಿ ಬೇರೆ! ನಗು ಬೇಕೆನ್ನುವವರಿಗೆ ನಾ. ಕಸ್ತೂರಿಯವರ ‘ಅನರ್ಥಕೋಶ’. ಮೆಟ್ರೋದಲ್ಲಿ ಸ್ಟೇಷನ್ನಿಗೆ ನಾಲ್ಕು ಪದ ಓದಿದರೂ ಸಾಕು. ದೊಡ್ಡವರಿಗಾದರೆ ವಿವೇಕ ಶಾನಭಾಗರ ನೀಳ್ಗತೆ ‘ಘಾಚರ್ ಘೋಚರ್’. ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದ ಪಕ್ಕದಲ್ಲಿಟ್ಟುಕೊಂಡರೂ ತಪ್ಪೇನಿಲ್ಲ.

ಇನ್ನೊಂದು ಮಾತು. ಈ ಮಕ್ಕಳ ಕಿವಿಗೆ ಕನ್ನಡ ಬರುತ್ತದೆ, ಎಡವುವುದು ಕಣ್ಣು. ಹಾಗಾಗಿ ಮೊದಲ ಅಧ್ಯಾಯ ನೀವೇ ಓದಿ ಹೇಳಿ. ಕುತೂಹಲದ ಜಾಗ ಬಂದಾಗ ನಿಲ್ಲಿಸಿ, ಪುಸ್ತಕ ಅಲ್ಲೇ ಬಿಟ್ಟು ಅಡುಗೆಮನೆಗೆ ಹೋಗಿಬಿಡಿ.