ದಿನಚರಿಯ ಪುಟದಲ್ಲಿ ಕಂಡದ್ದು



ಶತಮಾನೋತ್ಸವದ ನಿಮಿತ್ತ ನಾವು ಶಾಲೆಯ ಹಳೆಯ ಹಾಜರಿ ಪುಸ್ತಕಗಳನ್ನು ಹೊರತೆಗೆದು ನೋಡುತ್ತಿದ್ದೇವೆ. ಯಾರು ಬಂದರು, ಯಾರು ಬರಲಿಲ್ಲ ಎಂಬುದು ಅವುಗಳಲ್ಲಿದೆ. ಬಂದ ಮಗುವಿನ ಮನಸ್ಸಿನಲ್ಲಿ ಏನಿತ್ತೆಂಬುದು ಯಾವುದರಲ್ಲಿಯೂ ಇಲ್ಲ. ಅದನ್ನು ಆ ಮಗುವೇ ಬರೆದಿಡಬೇಕಾಗಿತ್ತು. ಆದುದರಿಂದ ಇಂದು ದಿನಚರಿಯ ಕುರಿತು ನಾಲ್ಕು ಮಾತುಗಳನ್ನಾಡಬಯಸುತ್ತೇನೆ.

ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. 1878ರಲ್ಲಿ ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಜನಿಸಿದ ರಾಜಾಜಿಯವರು ನಮ್ಮ ಸೀಮೆಯವರೇ. ಆ ಊರು ಆಗ ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿಗೆ ಸೇರಿತು. ಸೇಲಂನಲ್ಲಿ ವಕೀಲರಾಗಿ, ಪುರಸಭೆಯ ಅಧ್ಯಕ್ಷರಾಗಿ ಹೆಸರು ಪಡೆದ ಅವರು ಅಸಹಕಾರ ಚಳವಳಿಯಲ್ಲಿ ಬಂಧಿತರಾಗಿ, 1921ರ ಡಿಸೆಂಬರಿನಿಂದ ಮೂರು ತಿಂಗಳು ವೆಲ್ಲೂರಿನ ಸೆರೆಮನೆಯಲ್ಲಿದ್ದರು. ಅಲ್ಲಿ ದಿನಚರಿ ಬರೆದರು. ಸ್ವರಾಜ್ಯ ಬಂದೊಡನೆ ಸುಖ ಬಾರದು, ಚುನಾವಣೆಯ ಭ್ರಷ್ಟತೆ, ಹಣದ ದರ್ಪಗಳು ಕಾಡುವುವು, ಶಿಕ್ಷಣವೇ ಭರವಸೆ ಎಂಬ ವಿಚಾರವನ್ನು 1922ರ ಜನವರಿಯಲ್ಲಿಯೇ ಬರೆದುಕೊಂಡಿದ್ದರು. ಯಾವುದಕ್ಕಾಗಿ ಸೆರೆಮನೆ ಸೇರಿದರೋ ಅದರ ಮುಂದಿನ ಕಷ್ಟವನ್ನೂ ತಮ್ಮಿಂದ ತಾವು ಮರೆಮಾಚಲಿಲ್ಲ. ವೇದಿಕೆಯ ಭಾಷಣದಲ್ಲಿ ಅಂಥ ಮಾತು ಸುಲಭವಾಗಿ ಬರುವುದಿಲ್ಲ. ಭಾಷಣ ಮಾಡುತ್ತಲೇ ಇದನ್ನು ಹೇಳುತ್ತಿದ್ದೇನೆ, ಕ್ಷಮಿಸಿ.

ನನ್ನದು ಬಹು ಚಿಕ್ಕ ಅನುಭವ. ಶಿಕ್ಷಕಿಯಾದ ಮೊದಲ ವರ್ಷಗಳಿಂದಲೂ ರಾತ್ರಿ ಅರ್ಧ ಪುಟ ಬರೆಯುತ್ತ ಬಂದಿದ್ದೇನೆ. ಒಮ್ಮೆ ಬೇಸಿಗೆಯ ರಜೆಯಲ್ಲಿ ಹಳೆಯ ಪುಸ್ತಕವನ್ನು ತಿರುವಿ ಹಾಕುತ್ತಿದ್ದಾಗ ಒಬ್ಬ ಹುಡುಗಿಯ ವಿಷಯ ಮತ್ತೆ ಮತ್ತೆ ಕಂಡಿತು. "ಇಂದೂ ತಡ, ನಿಲ್ಲಿಸಿದೆ", "ಎಂದಿನಂತೆ ತಡ", "ತರಗತಿಯಲ್ಲಿ ತೂಕಡಿಕೆ, ಗದರಿಸಿದೆ". ಆ ದಿನಗಳೆಲ್ಲ ಗುಂಪುಗುಂಪಾಗಿದ್ದವು: ಒಂದು ವಾರ ತಡ, ಆಮೇಲೆ ಹಲವು ವಾರ ಸರಿ, ಮತ್ತೆ ಒಂದು ವಾರ ತಡ. ರೇಷ್ಮೆ ಹುಳು ಸಾಕುವ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹುಳು ಹಣ್ಣಾಗುವ ಮುಂಚಿನ ವಾರದಲ್ಲಿ ಸೊಪ್ಪು ಎಷ್ಟು ಹಾಕಿದರೂ ಸಾಲದು. ಮನೆಮಂದಿಗೆ ರಾತ್ರಿ ನಿದ್ದೆಯಿಲ್ಲ. ಆ ಮಗು ಬೆಳಗಿನ ಜಾವ ಹಿಪ್ಪುನೇರಳೆ ಸೊಪ್ಪು ಕೊಯ್ದು ಹಾಕಿ ಶಾಲೆಗೆ ಓಡಿ ಬರುತ್ತಿತ್ತು. ನಾನು ಅಷ್ಟು ಪುಟ ಬರೆದಿದ್ದೆ. ಏಕೆ ತಡವೆಂದು ಕೇಳಿದ ಒಂದು ಸಾಲೂ ಅಲ್ಲಿರಲಿಲ್ಲ. ಜೂನ್ ತಿಂಗಳಲ್ಲಿ ಕೇಳೋಣವೆಂದುಕೊಂಡೆ. ಆಕೆ ಶಾಲೆ ಬಿಟ್ಟಿದ್ದಳು.

ಬರೆಯುವುದರಷ್ಟೇ ತಿರುಗಿ ಓದುವುದೂ ಮುಖ್ಯವೆಂದು ನಾನು ಅರಿತದ್ದು ಹೀಗೆ. ಈಗ ತಿಂಗಳ ಕೊನೆಯ ಭಾನುವಾರ ಆ ತಿಂಗಳ ಪುಟಗಳನ್ನು ಓದುತ್ತೇನೆ.

ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು, ಪರೀಕ್ಷೆಯ ಭಯದಲ್ಲಿ ಇಂಗ್ಲಿಷ್ ಎಂದು ಬದುಕುವವರು. ಕನ್ನಡದಲ್ಲಿ ಬರೆದರೆ ನನಗೆ ಸಂತೋಷ. ನಡುವೆ ತಮಿಳು ನುಸುಳಿದರೆ ನುಸುಳಲಿ. ಆ ಪುಸ್ತಕಕ್ಕೆ ಅಂಕವಿಲ್ಲ, ಕೆಂಪು ಶಾಯಿಯಿಲ್ಲ. ಶಿಕ್ಷಕರು ಅದನ್ನು ಕೇಳುವುದಿಲ್ಲ. ತಾಯಂದಿರೆ, ತಂದೆಯರೆ, ದಿಂಬಿನ ಕೆಳಗೆ ಕಂಡರೂ ದಯವಿಟ್ಟು ತೆರೆಯಬೇಡಿ.