ಹರಿಹರ–ಕೊಂಡಜ್ಜಿ: ಒಂದು ದಿನದ ನೋಟ

ತುಂಗಭದ್ರೆಯ ದಡದ ಹರಿಹರ ಒಂದು ಹಗಲಿಗೆ ಒದಗುವ ಊರು.

ಇಲ್ಲಿ ಮೊದಲು ನೋಡಬೇಕಾದದ್ದು ಹರಿಹರೇಶ್ವರ ದೇವಾಲಯ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಇದನ್ನು 1224ರಲ್ಲಿ ಕಟ್ಟಿಸಿದ. ಸೋಮನಾಥಪುರದ ಕೇಶವ ದೇವಾಲಯ ಕಟ್ಟಿಸಿದ ಸೋಮನಾಥ ದಂಡನಾಯಕ 1268ರಲ್ಲಿ ಐದು ನೆಲೆಯ ಮಹಾದ್ವಾರವನ್ನು ಸೇರಿಸಿದನೆಂದು ಶಾಸನ ತಿಳಿಸುತ್ತದೆ. ಕಡೆದ ಕಂಬಗಳ ತೆರೆದ ಮಂಟಪದಲ್ಲಿ ಅವಸರ ಸಲ್ಲದು. ಆವರಣದ ಶಾಸನಗಳ ಮುಂದೆಯಂತೂ ನಿಲ್ಲಲೇಬೇಕು. ಗರ್ಭಗುಡಿಯ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಹರಿಯಿಂದಲೂ ಹರನಿಂದಲೂ ಸಾವು ಬಾರದಂತೆ ವರ ಪಡೆದಿದ್ದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾದರೆಂಬುದು ಸ್ಥಳಪುರಾಣ. ಶೈವ, ವೈಷ್ಣವರು ಒಂದೇ ಮೂರ್ತಿಗೆ ಕೈಮುಗಿಯುವುದು ಈ ನಾಡಿನ ದೊಡ್ಡ ಗಳಿಕೆ. ಕಾಂಬೋಡಿಯದಲ್ಲೂ 7ನೆಯ ಶತಮಾನದ ಹರಿಹರ ಶಿಲ್ಪಗಳು ದೊರೆತಿವೆ.

ದೇಗುಲದಿಂದ ಹೊಳೆ ಹತ್ತಿರವೇ ಇದೆ. ಹರಿದ್ರಾ ನದಿ ತುಂಗಭದ್ರೆಯನ್ನು ಕೂಡುವುದು ಈ ಊರ ಬಳಿಯಲ್ಲೇ.

ಮಧ್ಯಾಹ್ನಕ್ಕೆ ಪಕ್ಕದ ದಾವಣಗೆರೆಯ ಬೆಣ್ಣೆದೋಸೆ. ಅದಕ್ಕೆ ವಿವರಣೆ ಬೇಡ.

ಇಳಿಹೊತ್ತಿಗೆ ಹತ್ತಿರದ ಹಳ್ಳಿ ಕೊಂಡಜ್ಜಿ. ಗುಡ್ಡದ ಕಾಡು, ವಿಶಾಲವಾದ ಕೆರೆ, ಪಕ್ಕದಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರ. ಸ್ಕೌಟ್ ಚಳವಳಿಗಾಗಿ ದುಡಿದ ಕೊಂಡಜ್ಜಿ ಬಸಪ್ಪನವರ ಹೆಸರು ಈ ಊರಿನೊಂದಿಗೆ ಬೆಸೆದುಕೊಂಡಿದೆ. ಶಿಬಿರಕ್ಕೆ ಬರುವ ಮಕ್ಕಳು ಇಲ್ಲಿ ಡೇರೆ ಹಾಕುವುದನ್ನು, ಗಂಟು ಕಟ್ಟುವುದನ್ನು, ಕೂಡಿ ಬಾಳುವುದನ್ನು ಕಲಿಯುತ್ತಾರೆ.